ಹಳೇ ಸ್ಪೀಕರೋ, ಹೊಸ ಆವೃತ್ತಿಯೋ: ಕೇಳಿ ಆರಿಸುವುದು ಹೀಗೆ

ಹೆಸರು ಅದೇ, ಕೊನೆಗೊಂದು ಅಂಕಿ ಮಾತ್ರ ಜಾಸ್ತಿ. ಮಾರ್ಕ್ 2, ಎಸ್3, 2.0 ಅಂತೆಲ್ಲ. ಹಳೆಯದು ಅಗ್ಗಕ್ಕೆ ಸಿಗುತ್ತಿದೆ, ಹೊಸದನ್ನು ಎಲ್ಲರೂ ಹೊಗಳುತ್ತಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದು ಹಾಡು ಹಾಕಿ, ಅದು ಮುಗಿಯುವ ಮೊದಲೇ ‘ಇದೇ ಸರಿ’ ಎಂದುಬಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರು ಆರಿಸಿದ್ದು ಒಳ್ಳೆಯ ಜೋಡಿಯನ್ನಲ್ಲ, ಜೋರಾಗಿ ಕೇಳಿಸಿದ ಜೋಡಿಯನ್ನು. ಮನೆಗೆ ತಂದ ಸ್ವಲ್ಪ ದಿನಕ್ಕೇ ‘ಯಾಕೋ ಕಿವಿಗೆ ಚುಚ್ಚುತ್ತದೆ’ ಎಂಬ ರಾಗ ಶುರು.

ಹಂತ 1: ಏನು ಬದಲಾಗಿದೆ ಎಂದು ಪತ್ತೆ ಮಾಡಿ

ಹೊಸ ಆವೃತ್ತಿ ಅಂದ ಮಾತ್ರಕ್ಕೆ ಹೊಸ ಸ್ಪೀಕರ್ ಅಲ್ಲ. ಕೆಲವು ಸಲ ಬಣ್ಣ, ಮುಂದಿನ ಜಾಲರಿ ಮಾತ್ರ ಬದಲಾಗಿರುತ್ತದೆ. ಇನ್ನು ಕೆಲವು ಸಲ ನೋಡಲು ಒಂದೇ ಥರ, ಒಳಗೆ ಬೇರೆ. ಕೆಇಎಫ್ ಕಂಪನಿಯ ಎಲ್‌ಎಸ್50 ಬಂದಿದ್ದು 2012ರಲ್ಲಿ, ಎಲ್‌ಎಸ್50 ಮೆಟಾ 2020ರಲ್ಲಿ. ಹೊರಗೆ ಹೆಚ್ಚುಕಮ್ಮಿ ಅವಳಿಜವಳಿ. ಆದರೆ ಮೆಟಾದ ಟ್ವೀಟರ್ (ತೀಕ್ಷ್ಣ ಸ್ವರ ಹಾಡುವ ಪುಟ್ಟ ಭಾಗ) ಹಿಂದೆ, ಹಿಂದಕ್ಕೆ ಹೋಗುವ ಸದ್ದನ್ನು ಹೀರುವ ಜಟಿಲ ಕಾಲುವೆಗಳ ಬಿಲ್ಲೆಯೊಂದಿದೆ. ಎಲಾಕ್ ಡೆಬ್ಯೂ ಬಿ6ರಲ್ಲಿ ಗಾಳಿಯ ರಂಧ್ರ ಹಿಂದೆ ಇತ್ತು, 2018ರ ಬಿ6.2ರಲ್ಲಿ ಮುಂದಕ್ಕೆ ಬಂತು. ಸ್ಪೀಕರನ್ನು ಗೋಡೆಗೆ ಹತ್ತಿರ ಇಡಬೇಕಾದವರಿಗೆ ಇದು ದೊಡ್ಡ ವ್ಯತ್ಯಾಸ. ಬಿಬಿಸಿ ವಿನ್ಯಾಸದ ಎಲ್‌ಎಸ್3/5ಎ ಇನ್ನೂ ಮಜಾ. ಮೊದಲಿನದು 15 ಓಮ್ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), 1980ರ ದಶಕದ ಕೊನೆಯಲ್ಲಿ ಬಂದದ್ದು 11 ಓಮ್. ಹೆಸರು ಮಾತ್ರ ಒಂದೇ.

ಡ್ರೈವರ್ (ಸದ್ದು ಹೊರಡಿಸುವ ಭಾಗ), ಕ್ರಾಸ್‌ಓವರ್ (ಯಾವ ಸ್ವರ ಯಾವ ಡ್ರೈವರಿಗೆ ಎಂದು ಹಂಚುವ ಸರ್ಕ್ಯೂಟ್), ಪೆಟ್ಟಿಗೆಯ ಅಳತೆ, ರಂಧ್ರ ಇರುವ ಜಾಗ. ಈ ನಾಲ್ಕರಲ್ಲಿ ಯಾವುದೂ ಬದಲಾಗಿಲ್ಲವೆಂದರೆ ಮುಂದಿನವುಗಳಲ್ಲಿ ಹಂತ 3 ಒಂದೇ ಸಾಕು, ಸುಸ್ಥಿತಿಯಲ್ಲಿರುವ ಹಳೆಯದನ್ನೇ ತೊಗೊಳ್ಳಿ.

ಹಂತ 2: ಎರಡು ಅಂಕಿ ಬರೆದುಕೊಳ್ಳಿ

ಸೆನ್ಸಿಟಿವಿಟಿ ಮತ್ತು ಓಮ್. ಸೆನ್ಸಿಟಿವಿಟಿ ಎಂದರೆ 2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಲೆಕ್ಕ. ಒಂದು ಸ್ಪೀಕರ್ 88, ಇನ್ನೊಂದು 85 ಆದರೆ, ಎರಡನೆಯದು ಅಷ್ಟೇ ಜೋರಾಗಿ ಹಾಡಲು ದುಪ್ಪಟ್ಟು ವಾಟ್ ಬೇಕು. ಇಲ್ಲೊಂದು ಕಣ್ಕಟ್ಟು ಇದೆ. 2.83 ವೋಲ್ಟ್ ಎಂದರೆ 8 ಓಮ್ ಸ್ಪೀಕರಿಗೆ 1 ವಾಟ್, 4 ಓಮ್‌ಗೆ 2 ವಾಟ್. ಹಾಗಾಗಿ 4 ಓಮ್ ಸ್ಪೀಕರ್ ಕಾಗದದ ಮೇಲೆ 3 ಡೆಸಿಬೆಲ್ ಜಾಣನಂತೆ ಕಾಣುತ್ತದೆ, ಕೆಲಸ ಮಾಡಿಸಿಕೊಳ್ಳುವುದು ನಿಮ್ಮ ಆಂಪ್ಲಿಫೈಯರ್ ಹತ್ತಿರ.

ಆಳವಾದ ಬಾಸ್, ಸಣ್ಣ ಪೆಟ್ಟಿಗೆ, ಹೆಚ್ಚಿನ ಸೆನ್ಸಿಟಿವಿಟಿ, ಮೂರೂ ಒಟ್ಟಿಗೆ ಸಿಗುವುದಿಲ್ಲ. ಎರಡು ಬೇಕಾದರೆ ಒಂದನ್ನು ಬಿಡಬೇಕು. ಹಳೆಯ ಕಾಲದವರು ಪೆಟ್ಟಿಗೆ ದೊಡ್ಡದು ಮಾಡಿದರು. ಈಗಿನವರು ಪೆಟ್ಟಿಗೆ ಚಿಕ್ಕದು ಮಾಡಿ ಸೆನ್ಸಿಟಿವಿಟಿ ಬಿಟ್ಟುಕೊಟ್ಟರು. ನಿಮ್ಮ ಆಂಪ್ ಸಣ್ಣದಾಗಿದ್ದರೆ ಹಳೆಯ ದೊಡ್ಡ ಪೆಟ್ಟಿಗೆಯೇ ನಿಮಗೆ ಹೊಂದೀತು.

‘40 ಹರ್ಟ್ಜ್‌ನಿಂದ 20,000 ಹರ್ಟ್ಜ್’ ಎಂಬ ಸಾಲಿನ ಪಕ್ಕ ಇಷ್ಟು ಡೆಸಿಬೆಲ್ ಏರಿಳಿತದೊಳಗೆ ಎಂದು ಬರೆದಿಲ್ಲದಿದ್ದರೆ ಅದನ್ನು ಓದಬೇಡಿ. ಅದು ಸುಮ್ನೆ ಅಲಂಕಾರ.

ಹಂತ 3: ಹಳೆಯ ಜೋಡಿಯ ಆರೋಗ್ಯ ನೋಡಿ

ಸವೆದ ಹಳೆಯದನ್ನು ಹೊಚ್ಚಹೊಸದರ ಎದುರು ಇಟ್ಟು ‘ಹಳೇ ವಿನ್ಯಾಸ ಸರಿಯಿಲ್ಲ’ ಅನ್ನುವುದು ಅನ್ಯಾಯ. ಜಾಲರಿ ತೆಗೆಯಿರಿ. ವೂಫರ್ (ಬಾಸ್ ಹಾಡುವ ದೊಡ್ಡ ಡ್ರೈವರ್) ಅಂಚಿನಲ್ಲಿ ಫೋಮ್ ಇದ್ದರೆ ಬೆರಳಿನಿಂದ ಹಗುರವಾಗಿ ಮುಟ್ಟಿ. ಅಂಟಂಟಾಗಿದ್ದರೆ ಅಥವಾ ಪುಡಿ ಉದುರಿದರೆ ಆಯುಸ್ಸು ಮುಗಿದಿದೆ. ಫೋಮ್ ಸಾಮಾನ್ಯವಾಗಿ 15–20 ವರ್ಷಕ್ಕೆ ಹೀಗಾಗುತ್ತದೆ. ರಬ್ಬರ್ ಅಂಚು, ಬಟ್ಟೆಯ ಅಂಚು ಜಾಸ್ತಿ ಬಾಳಿಕೆ ಬರುತ್ತವೆ. ಫೋಮ್ ಹೋಗಿದ್ದರೆ ಹೆದರಬೇಡಿ, ಹೊಸ ಅಂಚು ಕೂರಿಸಬಹುದು. ಆದರೆ ಎರಡೂ ವೂಫರ್‌ಗಳಿಗೆ ಒಟ್ಟಿಗೆ, ಒಂದೇ ಅಳತೆಯದನ್ನು ಕೂರಿಸಬೇಕು. ಫೋಮಿಗೆ ಮರುಜೀವ ಕೊಡುತ್ತದೆ ಎಂದು ಮಾರುವ ಎಣ್ಣೆ, ಸ್ಪ್ರೇಗಳನ್ನು ಮುಟ್ಟಲೇಬೇಡಿ. ಪುಡಿಯಾದದ್ದು ಮತ್ತೆ ಫೋಮ್ ಆಗುವುದಿಲ್ಲ.

ಆಮೇಲೆ ವೂಫರಿನ ಕೋನಿನ (ನಡುವೆ ಅಲುಗುವ ಶಂಕುವಿನ) ಎರಡು ಬದಿಗೆ ಬೆರಳಿಟ್ಟು ನೇರವಾಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಕರಕರ ಎಂದು ಉಜ್ಜುವ ಸದ್ದು ಬಂದರೆ ಕೋನನ್ನು ಅಲುಗಿಸುವ ತಂತಿ ಸುರುಳಿ (ವಾಯ್ಸ್ ಕಾಯಿಲ್) ತಾಗುತ್ತಿದೆ, ಬಿಟ್ಟು ಎದ್ದುಬನ್ನಿ. ಟ್ವೀಟರಿನ ಗುಮ್ಮಟವನ್ನು ಮಾತ್ರ ಒತ್ತಿ ನೋಡಬೇಡಿ, ತಗ್ಗು ಬಿದ್ದರೆ ಬಿದ್ದಂತೆಯೇ.

ಮಲ್ಟಿಮೀಟರ್ ಹಿಡಿದು ಬರುವವರಿಗೊಂದು ಮಾತು. 8 ಓಮ್ ಸ್ಪೀಕರ್ ಮೀಟರಿನಲ್ಲಿ 6–7 ಓಮ್ ತೋರಿಸಿದರೆ ಗಾಬರಿ ಬೇಡ, ಅದು ಸರಿಯೇ. ಆದರೆ ಹಿಂದಿನ ಟರ್ಮಿನಲ್‌ನಲ್ಲಿ ಅಳೆದರೆ ಸಿಗುವುದು ವೂಫರಿನ ಸುದ್ದಿ ಮಾತ್ರ. ಟ್ವೀಟರ್ ದಾರಿಯಲ್ಲಿ ಮೀಟರಿನ ಕರೆಂಟನ್ನು ತಡೆಯುವ ಕೆಪಾಸಿಟರ್ ಅಡ್ಡ ನಿಂತಿರುತ್ತದೆ. ಮೀಟರ್ ಸರಿ ತೋರಿಸಿತೆಂದು ಸತ್ತ ಟ್ವೀಟರನ್ನು ಮನೆಗೆ ತಂದವರಿದ್ದಾರೆ. ಟ್ವೀಟರಿಗೆ ಕಿವಿಯೇ ಮೀಟರ್. ಸಣ್ಣ ಸದ್ದಿನಲ್ಲಿ ಹಾಡು ಹಾಕಿ, ಒಂದೊಂದಕ್ಕೂ ಕಿವಿಯಿಟ್ಟು ಕೇಳಿ. ಎಡದ್ದೂ ಬಲದ್ದೂ ಒಂದೇ ಥರ ಕೇಳಿಸಬೇಕು. ಒಂದು ಮಂಕಾಗಿದ್ದರೆ ಕ್ರಾಸ್‌ಓವರಿನ ಹಳೆಯ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಸೊರಗಿರಬಹುದು, ಇಲ್ಲವೇ ಟ್ವೀಟರ್ ಒಳಗಿನ ಫೆರೋಫ್ಲೂಯಿಡ್ ಎಂಬ ಆಯಸ್ಕಾಂತೀಯ ದ್ರವ ಒಣಗಿರಬಹುದು.

ಹಂತ 4: ಸದ್ದು ಸಮ ಮಾಡಿಕೊಂಡು ಕೇಳಿ

ಎಲ್ಲರೂ ಎಡವುವುದು ಇಲ್ಲೇ. ಎರಡರ ನಡುವೆ 1 ಡೆಸಿಬೆಲ್ ವ್ಯತ್ಯಾಸವಿದ್ದರೂ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ. ‘ಸ್ಪಷ್ಟ’, ‘ಜೀವಂತ’ ಎನ್ನುತ್ತದೆ. ವಾಲ್ಯೂಮ್ ನಾಬ್ ಮುಟ್ಟದೆ ಬರೀ ವೈರ್ ಬದಲಿಸಿ ಕೇಳಿದರೆ ಸೆನ್ಸಿಟಿವಿಟಿ ಜಾಸ್ತಿ ಇರುವುದೇ ಗೆಲ್ಲುತ್ತದೆ. ಅದಕ್ಕೆ ಕೇಳಬೇಕಾಗಿಯೇ ಇಲ್ಲ, ಹಂತ 2ರ ಅಂಕಿ ಸಾಕಿತ್ತು ಅಲ್ವಾ?

ಇನ್ನೊಂದು ತೊಡಕು ಜಾಗದ್ದು. ಒಂದು ಜೋಡಿ ನಡುವೆ, ಇನ್ನೊಂದು ಜೋಡಿ ಅದರ ಎಡಬಲ ಹೊರಬದಿಗೆ ಇಟ್ಟರೆ ಹೊರಗಿನದು ಕೋಣೆಯ ಮೂಲೆಗೆ ಹತ್ತಿರವಾಗಿ ಬಾಸ್ ಉಬ್ಬುತ್ತದೆ. ಒಂದೇ ಜಾಗದಲ್ಲಿ ಎತ್ತಿ ಇಳಿಸೋಣವೆಂದರೆ, ಅಷ್ಟರಲ್ಲಿ ಹಿಂದಿನದರ ಸದ್ದೇ ಮರೆತಿರುತ್ತದೆ. ಸದ್ದಿನ ಸೂಕ್ಷ್ಮಗಳನ್ನು ನೆನಪು ಹಿಡಿದಿಡುವುದು ಕೆಲವೇ ಸೆಕೆಂಡು.

ನಾನು ಹೇಳುವ ದಾರಿ ಇದು. ಜೋಡಿಯನ್ನು ಮರೆತುಬಿಡಿ. ಹಳೆಯದರಲ್ಲಿ ಒಂದು, ಹೊಸದರಲ್ಲಿ ಒಂದು ತೊಗೊಂಡು ಪಕ್ಕಪಕ್ಕ ಇಡಿ. ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕಿರಲಿ. ಹಳೆಯದನ್ನು ಆಂಪಿನ ಎಡಕ್ಕೆ, ಹೊಸದನ್ನು ಬಲಕ್ಕೆ ಜೋಡಿಸಿ. ಫೋನಿನ ಸೆಟ್ಟಿಂಗ್‌ನಲ್ಲಿ ಮೊನೊ ಆಡಿಯೊ ಎಂದಿರುತ್ತದೆ, ಅದನ್ನು ಆನ್ ಮಾಡಿ. ಅಲ್ಲೇ ಎಡ-ಬಲ ಬ್ಯಾಲೆನ್ಸ್ ಪಟ್ಟಿಯೂ ಇರುತ್ತದೆ. ಪೂರ್ತಿ ಎಡಕ್ಕೆ ಎಳೆದರೆ ಹಳೆಯದು ಮಾತ್ರ ಹಾಡುತ್ತದೆ, ಬಲಕ್ಕೆ ಎಳೆದರೆ ಹೊಸದು. ಕ್ಷಣದಲ್ಲಿ ಬದಲಿಸಬಹುದು.

ಈಗ ಮಟ್ಟ ಹೊಂದಿಸಿ. ಪಿಂಕ್ ನಾಯ್ಸ್ ಹಾಕಿ, ಆ ‘ಹುಶ್’ ಎನ್ನುವ ಸದ್ದು. 500ರಿಂದ 2,000 ಹರ್ಟ್ಜ್ ಒಳಗಿನದು ಸಿಕ್ಕರೆ ಇನ್ನೂ ಒಳ್ಳೆಯದು. ಪೂರ್ತಿ ಶ್ರೇಣಿಯದಾದರೆ ಕೋಣೆಯ ಬಾಸ್ ಲೆಕ್ಕ ಕೆಡಿಸುತ್ತದೆ. ಡೆಸಿಬೆಲ್ ಅಳೆಯುವ ಆ್ಯಪ್ ಇರುವ ಇನ್ನೊಂದು ಫೋನನ್ನು, ನಿಮ್ಮ ತಲೆ ಇರುವ ಜಾಗದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ. ಕೈಯಲ್ಲಿ ಹಿಡಿಯಬೇಡಿ, ಕೈ ಅಲುಗಿದರೆ ಅಂಕಿಯೂ ಅಲುಗುತ್ತದೆ. ಆ್ಯಪ್ ತೋರಿಸುವ ಅಂಕಿ ನಿಜವೇ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ನಮಗೆ ಬೇಕಿರುವುದು ಎರಡರ ವ್ಯತ್ಯಾಸ. ಆಂಪಿನ ಬ್ಯಾಲೆನ್ಸ್ ನಾಬ್ ತಿರುಗಿಸುತ್ತ ಆ ವ್ಯತ್ಯಾಸವನ್ನು ಅರ್ಧ ಡೆಸಿಬೆಲ್ ಒಳಗೆ ತನ್ನಿ. ಆಮೇಲೆ ಆ ನಾಬನ್ನು ಯಾರೂ ಮುಟ್ಟದಂತೆ ಟೇಪ್ ಅಂಟಿಸಿಬಿಡಿ. ಎವಿ ರಿಸೀವರ್ (ಹೋಮ್ ಥಿಯೇಟರ್ ಆಂಪ್) ಇರುವವರಿಗೆ ಕೆಲಸ ಸಲೀಸು, ಅದರಲ್ಲಿ ಒಂದೊಂದು ಸ್ಪೀಕರಿನ ಮಟ್ಟವೂ ಬೇರೆಬೇರೆ ಹೊಂದಿಸಬಹುದು.

ಒಂದೇ ಸ್ಪೀಕರ್ ಕೇಳಿ ಸ್ಟೀರಿಯೊ ಆರಿಸುವುದೇ ಎಂದು ಮೂಗು ಮುರಿಯಬೇಡಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಧ್ವನಿ ಸಂಶೋಧಕ ಫ್ಲಾಯ್ಡ್ ಟೂಲ್ ನಡೆಸಿದ ಪರೀಕ್ಷೆಗಳಲ್ಲಿ ಕಂಡದ್ದು ಇದೇ. ಒಂದೇ ಸ್ಪೀಕರ್ ಕೇಳುವಾಗ ಜನ ಅದರ ಕುಂದನ್ನು ಚೆನ್ನಾಗಿ ಹಿಡಿಯುತ್ತಾರೆ. ಎರಡಿದ್ದರೆ ಸ್ಟೀರಿಯೊ ಹರವು ಕುಂದನ್ನು ಮುಚ್ಚಿಹಾಕುತ್ತದೆ.

ಬದಲಿಸುವ ಕೆಲಸ ಇನ್ನೊಬ್ಬರಿಗೆ ಕೊಡಿ, ಮುಂದೆ ತೆಳು ಬಟ್ಟೆ ಇಳಿಬಿಡಿ. ಯಾವುದು ಹಾಡುತ್ತಿದೆ ಎಂದು ಗೊತ್ತಿದ್ದರೆ ಕಿವಿಗಿಂತ ಮೊದಲು ಕಣ್ಣು ತೀರ್ಪು ಕೊಡುತ್ತದೆ. ಮೊದಲು ಬರೀ ಮಾತು ಕೇಳಿ, ಗಂಡಸಿನ ದನಿಯದ್ದು. ಪೆಟ್ಟಿಗೆಯೊಳಗಿಂದ ಬಂದಂತಿದೆಯೇ, ಮೂಗಿನಲ್ಲಿ ಆಡಿದಂತಿದೆಯೇ? ‘ಸ’, ‘ಶ’ ಬಂದಾಗ ಸೀಳುತ್ತದೆಯೇ? ಆಮೇಲೆ ಪಿಯಾನೊ. ಕೆಲವು ಸ್ವರ ಮಾತ್ರ ಮುಂದೆ ನುಗ್ಗಿದರೆ ದೋಷ ಅಲ್ಲೇ ಇದೆ. ಕೊನೆಗೆ ಎರಡೂ ಸ್ಪೀಕರುಗಳ ಜಾಗ ಅದಲುಬದಲು ಮಾಡಿ, ಮಟ್ಟ ಮತ್ತೆ ನೋಡಿಕೊಂಡು, ಅದೇ ತುಣುಕುಗಳನ್ನು ಕೇಳಿ. ತೀರ್ಪು ತಲೆಕೆಳಗಾದರೆ ಅಷ್ಟು ಹೊತ್ತು ನೀವು ಕೇಳಿದ್ದು ಕೋಣೆಯನ್ನು.

ಅಡ್ಡದಾರಿ ಹುಡುಕುವವರು ವಿಡಿಯೊಗಳಲ್ಲಿ ಬರುವ ‘ಹಳೆಯದು ಎದುರು ಹೊಸದು’ ರೆಕಾರ್ಡಿಂಗ್ ಕೇಳುತ್ತಾರೆ. ಅದನ್ನು ನೀವು ಕೇಳುವುದು ನಿಮ್ಮ ಈಗಿನ ಸ್ಪೀಕರಿನಲ್ಲೇ! ಇನ್ನು, ‘ನೂರು ಗಂಟೆ ಓಡಿಸಿ, ಆಮೇಲೆ ಪಳಗುತ್ತದೆ’ ಎಂಬ ಮಾತನ್ನೂ ನಂಬಬೇಡಿ. ಹೆಚ್ಚಿನಂಶ ಪಳಗುವುದು ನಿಮ್ಮ ಕಿವಿ.

ಹಂತ 5: ತೀರ್ಮಾನ

ಮೂರು ನಾಲ್ಕು ಸಲ ಬದಲಿಸಿದರೂ ಗೊಂದಲ ಉಳಿದರೆ ಸುಸ್ಥಿತಿಯ ಹಳೆಯದನ್ನು ಆರಿಸಿ, ಉಳಿದ ದುಡ್ಡಲ್ಲಿ ಒಳ್ಳೆಯ ಸ್ಟ್ಯಾಂಡ್ ತೊಗೊಳ್ಳಿ. ದುಬಾರಿ ಕೇಬಲ್ ಬೇಡ. ಹಳೆಯದರಲ್ಲಿ ಒಂದು ಡ್ರೈವರ್ ಮಾತ್ರ ಬೇರೆ ಕಂಪನಿಯದ್ದಾಗಿದ್ದರೆ ಹೊಸದಕ್ಕೆ ಹೋಗಿ. ಒಳಗೇ ಆಂಪ್, ವೈಫೈ ಇರುವ ಸ್ಪೀಕರ್ ಆದರೆ ಹಳೆಯ ಆವೃತ್ತಿ ಬೇಡವೇ ಬೇಡ. ಕೋನ್ ಗಟ್ಟಿಯಾಗಿದ್ದರೂ ಆ್ಯಪ್ ಬೆಂಬಲ ನಿಂತ ದಿನ ಅದು ಅರ್ಧ ಸತ್ತಂತೆ.

ಮನೆಯಲ್ಲಿ ಜೋಡಿಸಿದ ಮೇಲೆ ಫೋನಿನ ಮೊನೊ ಆನ್ ಇರುವಾಗಲೇ, ಬ್ಯಾಲೆನ್ಸ್ ಪಟ್ಟಿಯನ್ನೂ ಆಂಪಿನ ನಾಬನ್ನೂ ನಡುವೆ ತಂದು, ಎರಡು ಸ್ಪೀಕರುಗಳ ಮಧ್ಯೆ ಕೂತು ಕೇಳಿ. ದನಿ ನಟ್ಟನಡುವಿನಿಂದ ಬರಬೇಕು. ಬಾಸ್ ಮಾಯವಾಗಿ ದನಿ ಎಲ್ಲೆಲ್ಲೋ ಚದುರಿದ್ದರೆ ಒಂದರ ವೈರ್ ಉಲ್ಟಾ ಆಗಿದೆ. ಅದರ ಪ್ಲಸ್, ಮೈನಸ್ ಬದಲಿಸಿ.