ಕರಿದ ಎಣ್ಣೆ ಪಂಪ್‌ಸೆಟ್ಟಿಗೆ: ಬಿಸಿಯಲ್ಲಿ ನೀರು ಬಿಡಿಸಿ, ತಣ್ಣಗೆ ಸೋಸಿ

ಗೋಳಿಬಜೆ, ಬನ್ಸ್, ಅಂಬೊಡೆ, ಕಬಾಬು, ಹಲಸಿನ ಹಪ್ಪಳ, ಮೀನಿನ ರವಾ ಫ್ರೈ. ಕರಾವಳಿಯ ಮನೆಗಳಲ್ಲಿ ಕರಿದು ಉಳಿಯುವ ಎಣ್ಣೆಗೇನೂ ಕೊರತೆಯಿಲ್ಲ. ಅದನ್ನು ಬಚ್ಚಲಿಗೆ ಸುರಿದರೆ ಪೈಪು ಕಟ್ಟುತ್ತದೆ, ಮತ್ತೆ ಮತ್ತೆ ಕಾಯಿಸಿ ತಿಂದರೆ ಆರೋಗ್ಯ ಕೆಡುತ್ತದೆ. ಅದೇ ಎಣ್ಣೆ ತೋಟದ ಹಳೆಯ ಡೀಸೆಲ್ ಪಂಪ್‌ಸೆಟ್ಟಿನಲ್ಲಿ ಉರಿಯಬಲ್ಲದು. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಆದರೆ ಬಾಣಲೆಯಿಂದ ಟ್ಯಾಂಕಿಗೆ ಹೋಗುವ ದಾರಿಯಲ್ಲಿ ಎಣ್ಣೆಯಿಂದ ಮೂರು ವಸ್ತುಗಳನ್ನು ತೆಗೆಯಬೇಕು: ಕರಿದ ಚೂರು, ನೀರು, ಚಳಿಗೆ ಹೆಪ್ಪುಗಟ್ಟುವ ಕೊಬ್ಬು.

ಹೆಚ್ಚಿನವರು ಚೂರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅತಿ ಸಣ್ಣ ತೂತಿನ ಫಿಲ್ಟರ್ ಚೀಲ ತಂದು, ಎಣ್ಣೆ ಬಿಸಿ ಮಾಡಿ ಸುರಿಯುತ್ತಾರೆ. ಎಣ್ಣೆ ಹೊನ್ನಿನಂತೆ ಹೊಳೆಯುತ್ತಾ ಇಳಿಯುತ್ತದೆ. ಆದರೆ ಬಿಸಿ ಎಣ್ಣೆಯಲ್ಲಿ ಕೊಬ್ಬು ಕರಗಿರುತ್ತದೆ, ನೀರೂ ಹೆಚ್ಚು ಕರಗಿರುತ್ತದೆ. ಎರಡೂ ಸಲೀಸಾಗಿ ಚೀಲ ದಾಟಿ, ತಣ್ಣಗಾದ ಮೇಲೆ ಟ್ಯಾಂಕಿನೊಳಗೆ ಮತ್ತೆ ಬೇರ್ಪಡುತ್ತವೆ. ಆದ್ದರಿಂದ ಬಿಸಿ ಮಾಡುವುದು ನೀರು ಇಳಿಸಲಿಕ್ಕೆ ಮಾತ್ರ. ಸೋಸುವುದು ತಣ್ಣಗಿರುವಾಗ. ಕೆಳಗಿನ ಇಡೀ ವ್ಯವಸ್ಥೆ ನಿಂತಿರುವುದು ಈ ಕ್ರಮದ ಮೇಲೆ.

ಎಂಥ ಎಣ್ಣೆ?

ತಾಳೆ ಎಣ್ಣೆ, ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಎಲ್ಲವೂ ಆಗುತ್ತವೆ, ಗುಣ ಬೇರೆ ಬೇರೆ. ಸೂರ್ಯಕಾಂತಿ ಮತ್ತು ಸೋಯಾ ಎಣ್ಣೆ ಚಳಿಯಲ್ಲೂ ತೆಳುವಾಗಿರುತ್ತವೆ. ಆದರೆ ಗಾಳಿ, ಶಾಖ ತಾಗಿದರೆ ಬೇಗ ಅಂಟಂಟಾಗಿ ವಾರ್ನಿಶ್ ಆಗುತ್ತವೆ. ತೆಂಗಿನೆಣ್ಣೆ, ತಾಳೆ ಎಣ್ಣೆ ಹಾಗೆ ಸುಲಭವಾಗಿ ಅಂಟಾಗುವುದಿಲ್ಲ, ಆದರೆ ಹೆಪ್ಪುಗಟ್ಟುತ್ತವೆ. ತೆಂಗಿನೆಣ್ಣೆಗೆ 24 ಡಿಗ್ರಿಯ ಆಸುಪಾಸಿನ ತಂಪು ಸಾಕು. ಡಿಸೆಂಬರ್ ಬೆಳಗ್ಗೆ ತಲೆಗೆ ಹಾಕುವ ಎಣ್ಣೆಯ ಬಾಟ್ಲಿ ನೋಡಿದವರಿಗೆ ಇದು ಗೊತ್ತು. ಡಾಲ್ಡಾ, ತುಪ್ಪ ಸೇರಿದ್ದನ್ನು ತೆಗೆದುಕೊಳ್ಳಬೇಡಿ. ಮೀನು ಕರಿದ ಎಣ್ಣೆಯಲ್ಲಿ ಮೀನಿನ ಕೊಬ್ಬು, ರವೆ, ಉಪ್ಪು ಮೂರೂ ಇರುತ್ತವೆ. ಅದನ್ನು ಬೇರೆ ಕ್ಯಾನಿನಲ್ಲಿಟ್ಟು, ಮಡ್ಡಿ ಕೂರಲು ಎರಡರಷ್ಟು ಸಮಯ ಕೊಡಿ.

ಎಣ್ಣೆ ಸಂಗ್ರಹಕ್ಕೆ ನಿಮ್ಮ ಮನೆ, ಫ್ಲ್ಯಾಟಿನ ನೆರೆಹೊರೆ, ಸಣ್ಣ ಅಡುಗೆಯವರು ಸಾಕು. ದೊಡ್ಡ ಹೋಟೆಲುಗಳನ್ನು ಕೇಳಬೇಡಿ. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕವಿಟ್ಟು, ಬಳಸಿದ ಎಣ್ಣೆಯನ್ನು ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ.

ಎಣ್ಣೆ ಕೊಡುವವರಿಗೆ ಒಂದು ಮಾತು ತಪ್ಪದೆ ಹೇಳಿ: ಸಾಬೂನು ಹಾಕಿ ತೊಳೆದು ಒದ್ದೆಯಿರುವ ಡಬ್ಬಿಗೆ ಎಣ್ಣೆ ಹಾಕಬಾರದು. ಸಾಬೂನು ಸ್ವಲ್ಪವೇ ಸೇರಿದರೂ ನೀರು ಮತ್ತು ಎಣ್ಣೆ ಮಜ್ಜಿಗೆಯ ಹಾಗೆ ಬೆರೆತುಕೊಂಡು, ವಾರಗಟ್ಟಲೆ ಇಟ್ಟರೂ ಬೇರೆಯಾಗುವುದಿಲ್ಲ.

ಸಾಮಾನು

ಒಂದು ಸಲಕ್ಕೆ 20 ಲೀಟರ್ ಸೋಸುವ ವ್ಯವಸ್ಥೆಗೆ ಬೇಕಾದವು ಇವು: ಮುಚ್ಚಳ, ಕ್ಲ್ಯಾಂಪ್ ಇರುವ 60 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ ಎರಡು, 40 ಲೀಟರಿನ ಸ್ಟೇನ್‌ಲೆಸ್ ಸ್ಟೀಲ್ ಹಾಲಿನ ಕ್ಯಾನ್ ಒಂದು, ಅಡ್ಡಕ್ಕೆ ಅರ್ಧ ಕತ್ತರಿಸಿದ 200 ಲೀಟರಿನ ಕಬ್ಬಿಣದ ಡ್ರಮ್, ಒಂದಿಂಚಿನ ಸ್ಟೀಲ್ ಬಾಲ್ ವಾಲ್ವ್ ಎರಡು, 110 ಡಿಗ್ರಿ ತೋರಿಸುವ ಥರ್ಮಾಮೀಟರ್, 12 ಮಿ.ಮೀ.ನ ಪಾರದರ್ಶಕ ಪೈಪು ಮತ್ತು ಕೈಯಲ್ಲಿ ಒತ್ತುವ ಪಂಪು. ಚೀಲ ಮೂರು ಬಗೆ: 100 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ನೈಲಾನ್ ಜಾಲರಿ, 25 ಮತ್ತು 5 ಮೈಕ್ರಾನಿನ ಪಾಲಿಪ್ರೊಪಿಲೀನ್ ಫೆಲ್ಟ್, ಅಂದರೆ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಏಳಿಂಚು ವ್ಯಾಸ, ಹದಿನೇಳಿಂಚು ಉದ್ದದ ಚೀಲವನ್ನು ‘ಸೈಜ್ 1’ ಎಂದು ಕೇಳಿ. ಡ್ರಮ್, ವಾಲ್ವುಗಳಿಗೆ ಮಂಗಳೂರಿನ ಬಂದರು ಭಾಗದ ಹಾರ್ಡ್‌ವೇರ್ ಅಂಗಡಿಗಳಿವೆ. ಚೀಲಕ್ಕೆ ಬೈಕಂಪಾಡಿ, ಯೆಯ್ಯಾಡಿ ಅಥವಾ ಮಣಿಪಾಲದ ಕೈಗಾರಿಕಾ ಪ್ರದೇಶಗಳಿಗೆ ಸಾಮಾನು ಒದಗಿಸುವವರಲ್ಲಿ ವಿಚಾರಿಸಿ. ಕಬ್ಬಿಣದ ಡ್ರಮ್ಮನ್ನು ಕತ್ತರಿಸಿದ್ದನ್ನೇ ಕೊಳ್ಳಿ. ಥಿನ್ನರ್, ಪೆಟ್ರೋಲ್ ತುಂಬಿದ್ದ ಖಾಲಿ ಡ್ರಮ್ಮಿಗೆ ಕಿಡಿ ತಾಗಿದರೆ ಸಿಡಿಯುತ್ತದೆ.

ತಾಮ್ರ, ಹಿತ್ತಾಳೆ ಎಣ್ಣೆಗೆ ತಾಗಬಾರದು. ಈ ಲೋಹಗಳು ಎಣ್ಣೆ ಕೆಡುವ ವೇಗ ಹೆಚ್ಚಿಸುತ್ತವೆ. ಹಿತ್ತಾಳೆ ನಲ್ಲಿ ಕೆಲವು ತಿಂಗಳಲ್ಲಿ ಹಸಿರು ಅಂಟು ಹಿಡಿಯುತ್ತದೆ. ಸತು ಲೇಪನದ ಜಿಐ ಪೈಪು ಎಣ್ಣೆಯ ಆಮ್ಲದೊಂದಿಗೆ ಸೇರಿ ಸಾಬೂನಿನಂಥ ಕೆಸರು ಮಾಡುತ್ತದೆ. ಸಾದಾ ರಬ್ಬರ್ ವಾಷರ್ ಉಬ್ಬಿ ಸೋರುತ್ತದೆ, ಟೆಫ್ಲಾನ್ ಅಥವಾ ವೈಟಾನ್ ವಾಷರ್ ಹಾಕಿ.

ಮಡ್ಡಿ ಕೂರುವ ವಾರ

ಒಂದು ನೀಲಿ ಡ್ರಮ್ಮಿಗೆ ಎರಡು ತೂತು ಕೊರೆದು, ಟ್ಯಾಂಕ್ ನಿಪ್ಪಲ್ ಮೂಲಕ ವಾಲ್ವ್ ಕೂರಿಸಿ. ಒಂದು ಆದಷ್ಟು ತಳಕ್ಕೆ, ಮಡ್ಡಿ ಬಿಡಲು. ಇನ್ನೊಂದು ತಳದಿಂದ 10 ಸೆಂ.ಮೀ. ಮೇಲೆ, ಎಣ್ಣೆ ತೆಗೆಯಲು. ಡ್ರಮ್ಮನ್ನು ಮೇಜಿನೆತ್ತರದ ಗಟ್ಟಿ ಸ್ಟ್ಯಾಂಡಿನ ಮೇಲಿಡಿ. ತುಂಬಿದಾಗ ಅದರ ತೂಕ 55 ಕಿಲೋ ದಾಟುತ್ತದೆ. ಸಂಗ್ರಹಿಸಿದ ಎಣ್ಣೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಹಾಕಿ, ಮುಚ್ಚಿ, ಅಲುಗಾಡಿಸದೆ ಒಂದು ವಾರ ಬಿಡಿ.

ಇಲ್ಲಿ ಅವಸರ ಮಾಡಿದವರ ಚೀಲ ಮುಂದೆ ಹತ್ತು ನಿಮಿಷದಲ್ಲಿ ಕಟ್ಟುತ್ತದೆ. ಕಣದ ಗಾತ್ರ ಅರ್ಧವಾದರೆ ಇಳಿಯುವ ವೇಗ ಕಾಲುಭಾಗಕ್ಕೆ ಬೀಳುತ್ತದೆ. ರವೆ ಕೆಲವೇ ನಿಮಿಷದಲ್ಲಿ ತಳ ಸೇರಿದರೆ, ಅಕ್ಕಿಹಿಟ್ಟು, ಮೆಣಸಿನ ಪುಡಿಯ ನಯವಾದ ಕಣಕ್ಕೆ ದಿನಗಳು ಬೇಕು. ನೀರಿನ ಹನಿಯದ್ದೂ ಅದೇ ಲೆಕ್ಕ: 10 ಮೈಕ್ರಾನಿನ ಒಂದು ಹನಿ 30 ಡಿಗ್ರಿಯ ಎಣ್ಣೆಯಲ್ಲಿ ಇಡೀ ದಿನಕ್ಕೆ ಒಂದು ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ. ಮುಂದಿನ ಹಂತದ ಬಿಸಿ ಬೇಕಾಗಿರುವುದು ಇದಕ್ಕೇ.

ನೀರು ಬಿಡಿಸುವುದು

ಎಣ್ಣೆಯ ಪಾತ್ರೆಯ ಕೆಳಗೆ ನೇರವಾಗಿ ಬೆಂಕಿ ಬೇಡ. ತಳದಲ್ಲಿ ಕೂತ ನೀರು 100 ಡಿಗ್ರಿ ದಾಟಿದ ಕ್ಷಣ ಆವಿಯಾಗಿ, ಮೇಲಿನ ಎಣ್ಣೆಯನ್ನೆಲ್ಲ ಹೊರಗೆಸೆಯುತ್ತದೆ. ನೀರು ಕಾಯಿಸುವ ಇಮ್ಮರ್ಶನ್ ರಾಡನ್ನೂ ಎಣ್ಣೆಗೆ ಇಳಿಸಬೇಡಿ. ಅದರ ಮೈಗೆ ತಾಗಿದ ಎಣ್ಣೆ ಕರಕಲಾಗುತ್ತದೆ, ರಾಡ್ ಎಣ್ಣೆಯಿಂದ ಹೊರಗೆ ಕಂಡರೆ ಬೆಂಕಿ ಹತ್ತುತ್ತದೆ.

ಅದರ ಬದಲು ಬಿಸಿನೀರಿನ ಸ್ನಾನ ಮಾಡಿಸಿ. ಹಾಲಿನ ಕ್ಯಾನಿಗೆ 20 ಲೀಟರ್ ಎಣ್ಣೆ ಹಾಕಿ, ಮುಚ್ಚಿ, ಅರ್ಧ ಡ್ರಮ್ಮಿನೊಳಗೆ ಇಡಿ. ಬಚ್ಚಲ ಹಂಡೆಯಲ್ಲಿ 40 ಲೀಟರ್ ನೀರನ್ನು 80 ಡಿಗ್ರಿಗೆ ಕಾಯಿಸಿ ಕ್ಯಾನಿನ ಸುತ್ತ ಸುರಿಯಿರಿ. ಹಂಡೆ ತಾಮ್ರದ್ದಾದರೂ ಚಿಂತೆಯಿಲ್ಲ, ಅದಕ್ಕೆ ತಾಗುವುದು ನೀರು ಮಾತ್ರ. 28 ಡಿಗ್ರಿಯಲ್ಲಿದ್ದ ಎಣ್ಣೆ ಲೆಕ್ಕದ ಪ್ರಕಾರ 70 ಡಿಗ್ರಿಗೆ ಬರಬೇಕು. ಗಾಳಿಗೆ ಹೋಗುವ ಶಾಖ ಕಳೆದರೆ 60ರಿಂದ 65 ಸಿಗುತ್ತದೆ, ಅದು ಸಾಕು. ಕ್ಯಾನ್ ತೇಲಾಡಿದರೆ ಮುಚ್ಚಳದ ಮೇಲೆ ಕಲ್ಲಿಡಿ. ಸುತ್ತ ಗೋಣಿ ಹೊದೆಸಿದರೆ ಶಾಖ ರಾತ್ರಿಯವರೆಗೂ ನಿಲ್ಲುತ್ತದೆ. ಮುಚ್ಚಳ ತೆರೆದಿಟ್ಟರೆ ಸುತ್ತಲಿನ ಹಬೆ ಎಣ್ಣೆಗೇ ಸೇರುತ್ತದೆ.

ಈ ಬಿಸಿಯಲ್ಲಿ ಎಣ್ಣೆ ತೆಳುವಾಗಿ, ನೀರಿನ ಹನಿಗಳು ಮೂರು ಪಟ್ಟಿಗಿಂತ ಬೇಗ ಇಳಿಯುತ್ತವೆ. ದಾರಿಯಲ್ಲಿ ಒಂದಕ್ಕೊಂದು ಕೂಡಿ ದೊಡ್ಡದಾಗಿ ಇನ್ನಷ್ಟು ಬೇಗ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಈ ಹನಿಗಳಲ್ಲೇ ಕರಗಿರುತ್ತದೆ. ಹಾಗಾಗಿ ನೀರು ಹೋದರೆ ಎಂಜಿನ್ನಿನೊಳಗೆ ಇಂಧನ ಚಿಮುಕಿಸುವ ಇಂಜೆಕ್ಟರನ್ನು ತಿನ್ನುವ ಉಪ್ಪಿನ ಹೆಚ್ಚಿನ ಪಾಲೂ ಹೋಗುತ್ತದೆ. ಕ್ಯಾನನ್ನು ಮೂರು ದಿನ ಮುಟ್ಟಬೇಡಿ. ಆಮೇಲೆ ಪೈಪನ್ನು ಒಂದು ಕೋಲಿಗೆ, ತುದಿ ತಳದಿಂದ 4 ಸೆಂ.ಮೀ. ಮೇಲೆ ನಿಲ್ಲುವಂತೆ ಕಟ್ಟಿ, ಕೈಪಂಪಿನಿಂದ ಮೇಲಿನ ಎಣ್ಣೆಯನ್ನು ಮಾತ್ರ ತೆಗೆಯಿರಿ. ಉಳಿದ ಮೂರು ಮೂರೂವರೆ ಲೀಟರ್ ಮೊದಲಿನ ಡ್ರಮ್ಮಿಗೆ ವಾಪಸ್.

ನೀರು ಹೋಯಿತೇ ಎಂದು ತವಾದಲ್ಲಿ ನೋಡಿ. ಕಬ್ಬಿಣದ ತವಾವನ್ನು ಹೊರಗಡೆ, ನೀರು ಚಿಮುಕಿಸಿದರೆ ಚುಂಯ್ ಎನ್ನುವಷ್ಟು ಕಾಯಿಸಿ, ಒರೆಸಿ, ಒಲೆ ಆರಿಸಿ. ಕನ್ನಡಕ ಹಾಕಿಕೊಂಡು ಒಂದು ಚಮಚ ಎಣ್ಣೆ ಹರಡಿ. ಚಟಪಟ ಸದ್ದು ಬಂದರೆ ಹನಿಹನಿಯಾಗಿ ನೀರಿದೆ. ಸದ್ದಿಲ್ಲದೆ ಸಣ್ಣ ಗುಳ್ಳೆ ಎದ್ದರೂ ಸ್ವಲ್ಪ ನೀರಿದೆ, ಇನ್ನೊಂದು ಸ್ನಾನ ಬೇಕು. ಎಣ್ಣೆ ಮಿಸುಕದೆ ಹರಡಿದರೆ ಮುಂದೆ ಹೋಗಿ. ಎರಡು ಸ್ನಾನದ ನಂತರವೂ ಚಟಪಟ ನಿಲ್ಲದಿದ್ದರೆ ಸಾಬೂನು ಸೇರಿರುವ ಸಾಧ್ಯತೆ ಹೆಚ್ಚು. ಆ ಎಣ್ಣೆಯ ಮೇಲೆ ಇನ್ನು ಶ್ರಮ ಹಾಕಬೇಡಿ.

ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಎಂಜಿನ್ನಿಗೆ ಹಾಕುವ ದಿನ ಮತ್ತೊಮ್ಮೆ ಮಾಡಿ. ಜೂನ್, ಜುಲೈಯ ಕರಾವಳಿ ಗಾಳಿಯಲ್ಲಿ ಅರ್ಧ ತುಂಬಿದ ಕ್ಯಾನಿನೊಳಗೆ ತೇವ ಕೂರುತ್ತದೆ. ಕ್ಯಾನನ್ನು ಕಂಠಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ.

ಚೀಲ

ಈಗ ಎಣ್ಣೆ ತಣ್ಣಗಿರಬೇಕು. ಎಷ್ಟು ತಣ್ಣಗೆ? ಮುಂದೆ ಟ್ಯಾಂಕಿನಲ್ಲಿ ಅದು ಕಾಣಲಿರುವ ಅತಿ ಕಡಿಮೆ ಉಷ್ಣತೆಯಷ್ಟು. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯಲ್ಲಿ ಸೋಸಿದ ಎಣ್ಣೆಯನ್ನು ಏಪ್ರಿಲಿನಲ್ಲೇ ಮುಗಿಸಿ. ಅದನ್ನು ಡಿಸೆಂಬರಿಗೆ ಇಟ್ಟರೆ ಒಳಗಿನ ಕೊಬ್ಬು ಬೆಳಗ್ಗೆ ಹರಳುಗಟ್ಟಿ ಪಂಪ್‌ಸೆಟ್ಟಿನ ಫಿಲ್ಟರನ್ನು ಕಟ್ಟುತ್ತದೆ. ಚಳಿಗಾಲಕ್ಕೆ ಬೇಕಾದ ಎಣ್ಣೆಯನ್ನು ಚಳಿಗಾಲದಲ್ಲೇ, ರಾತ್ರಿಯಿಡೀ ಹೊರಗಿಟ್ಟು, ಬೆಳಗ್ಗೆ ಆರರಿಂದ ಎಂಟರೊಳಗೆ ಚೀಲಕ್ಕೆ ಸುರಿಯಿರಿ. ಕ್ಯಾನಿನ ಮೇಲೆ ಸೋಸಿದ ತಾರೀಕು, ಉಷ್ಣತೆ ಬರೆದಿಡಿ.

ಎರಡನೇ ಡ್ರಮ್ಮಿನ ಮುಚ್ಚಳದಲ್ಲಿ ಚೀಲದ ಬಳೆ ಕೂರುವಷ್ಟು ತೂತು ಕತ್ತರಿಸಿ, ಚೀಲವನ್ನು ಒಳಕ್ಕೆ ಇಳಿಬಿಡಿ. ಮೊದಲು 100 ಮೈಕ್ರಾನ್, ನಂತರ 25, ಕೊನೆಗೆ 5. ಫೆಲ್ಟ್ ಚೀಲ ಪೂರ್ತಿ ಒಣಗಿರಬೇಕು. ಹೊಸ ಚೀಲದಿಂದ ಮೊದಲು ಇಳಿದ ಒಂದು ಲೀಟರಿನಲ್ಲಿ ಎಳೆಗಳು ಇರಬಹುದು, ಅದನ್ನು ಮತ್ತೆ ಚೀಲಕ್ಕೇ ಸುರಿಯಿರಿ. 5 ಮೈಕ್ರಾನಿನಲ್ಲಿ 20 ಲೀಟರ್ ತಣ್ಣನೆಯ ಎಣ್ಣೆ ಇಳಿಯಲು ಕೆಲವು ಗಂಟೆ ಹಿಡಿದರೆ ಅದು ಸಹಜ. ಬೇಸರಪಟ್ಟು ಚೀಲವನ್ನು ಹಿಂಡಿದರೆ ಹಿಡಿದಿಟ್ಟ ಕಣಗಳೆಲ್ಲ ತೂತಿನಿಂದ ಹೊರಬರುತ್ತವೆ. ಹೊಸ ಚೀಲ ಹತ್ತು ಲೀಟರಿಗೇ ನಿಂತರೆ ದೋಷ ಚೀಲದ್ದಲ್ಲ: ಒಳಗೆ ಬಿಳಿ ಮೇಣದಂಥ ಪದರ ಕಂಡರೆ ಕೊಬ್ಬು, ಕಂದು ಕೆಸರು ಕಂಡರೆ ಮಡ್ಡಿ ಸರಿಯಾಗಿ ಕೂತಿಲ್ಲ. ಜಾಲರಿ ಚೀಲವನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಫೆಲ್ಟನ್ನು ತೊಳೆಯುವುದು ವ್ಯರ್ಥ.

ಚೀಲ ತೆಗೆಯಲಾಗದ್ದು ಎಣ್ಣೆಯೊಳಗಿನ ಆಮ್ಲ. ಅದನ್ನು ಹೀಗೆ ಅಳೆಯಿರಿ. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ. 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲಿಗೆ 1 ಮಿ.ಲೀ. ಎಣ್ಣೆ, ಆಮ್ಲ ಮುಗಿದಾಗ ಗುಲಾಬಿಯಾಗುವ ಫೀನಾಲ್ಫ್ತಲೀನ್ ಎರಡು ಹನಿ ಹಾಕಿ, ಸೋಡಾ ದ್ರಾವಣವನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಡಿ. ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತಾಗ ಓದಿ. ಒಂದೊಂದು ಮಿ.ಲೀ.ಗೂ ಸುಮಾರು 0.77 ಶೇಕಡ ಬಿಡಿ ಆಮ್ಲವೆಂದು ಲೆಕ್ಕ. 3 ಮಿ.ಲೀ. ಒಳಗಿದ್ದರೆ ಒಳ್ಳೆಯದು, 5 ದಾಟಿದರೆ ಆ ಎಣ್ಣೆ ಇಂಜೆಕ್ಷನ್ ಪಂಪಿನ ಲೋಹಕ್ಕೆ ಹಾನಿ. ಕೈಗವಸು ಹಾಕಿ, ಮಕ್ಕಳನ್ನು ದೂರವಿಡಿ.

ಬೆಂಕಿ ಮತ್ತು ಮಡ್ಡಿ

ಎಣ್ಣೆ ಒರೆಸಿದ ಬಟ್ಟೆ, ಹಳೆ ಚೀಲಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯೊಂದಿಗೆ ಸೇರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರಿನಲ್ಲಿ ಮುಳುಗಿಸಿಡಿ. ಎಣ್ಣೆಗೆ ಬೆಂಕಿ ಬಿದ್ದರೆ ನೀರು ಹಾಕಲೇಬಾರದು, ಮುಚ್ಚಳ ಅಥವಾ ಮರಳು ಮುಚ್ಚಿ. ತಳದ ಮಡ್ಡಿಯನ್ನು ಬೇರೆ ಕ್ಯಾನಿನಲ್ಲಿ ತಿಂಗಳಿಟ್ಟರೆ ಮೇಲೆ ಇನ್ನಷ್ಟು ಎಣ್ಣೆ ಬಿಡುತ್ತದೆ. ಉಳಿದದ್ದನ್ನು ಎಣ್ಣೆ ಸಂಗ್ರಹಕಾರರಿಗೆ ಕೊಡಿ. ತೋಡಿಗೂ ಬಾವಿಕಟ್ಟೆಯ ಹತ್ತಿರದ ಮಣ್ಣಿಗೂ ಬೇಡ.

ಎಂಜಿನ್ನಿಗೆ ಹಾಕುವಾಗ

ಇದು ನಿಧಾನವಾಗಿ ತಿರುಗುವ, ನೀರಿನಿಂದ ತಂಪಾಗುವ ಒಂಟಿ ಸಿಲಿಂಡರಿನ ಹಳೆಯ ಎಂಜಿನ್ನುಗಳಿಗೆ ಮಾತ್ರ. ಕಾಮನ್ ರೈಲ್ (ಅತಿ ಒತ್ತಡದಲ್ಲಿ ಇಂಧನ ಚಿಮುಕಿಸುವ ಹೊಸ ವ್ಯವಸ್ಥೆ) ಇರುವ ಕಾರು, ಪಿಕಪ್ಪಿಗೆ ಹಾಕಿದರೆ ಇಂಜೆಕ್ಟರ್ ಕೆಡುತ್ತದೆ. ರಸ್ತೆಯ ವಾಹನದ ಇಂಧನ ಬದಲಿಸಲು ಕಾನೂನಿನ ಅನುಮತಿಯೂ ಬೇಕು. ಡೀಸೆಲಿಗೆ ಹೋಲಿಸಿದರೆ ಸಸ್ಯದ ಎಣ್ಣೆ 40 ಡಿಗ್ರಿಯಲ್ಲಿ ಹತ್ತು ಪಟ್ಟಿನಷ್ಟು ಗಟ್ಟಿ. ಅದಕ್ಕಾಗಿ ಎರಡು ಟ್ಯಾಂಕ್ ಇಡಿ: ಡೀಸೆಲಿನಲ್ಲಿ ಶುರು ಮಾಡಿ, ಎಂಜಿನ್ ಪೂರ್ತಿ ಬಿಸಿಯಾಗಿ, ಅದರ ಬಿಸಿನೀರು ಸುತ್ತಿದ ಕೊಳವೆಯಲ್ಲಿ ಎಣ್ಣೆ 70 ಡಿಗ್ರಿಗೆ ಬಂದ ಮೇಲೆ ಎಣ್ಣೆಗೆ ತಿರುಗಿಸಿ. ನಿಲ್ಲಿಸುವ ಐದು ನಿಮಿಷ ಮೊದಲು ಮತ್ತೆ ಡೀಸೆಲಿಗೆ. ಎಣ್ಣೆಯಲ್ಲೇ ನಿಲ್ಲಿಸಿದರೆ ಇಂಜೆಕ್ಟರಿನ ತುದಿಯಲ್ಲಿ ಅದು ಇದ್ದಿಲಾಗಿ ಕೂರುತ್ತದೆ. ಉರಿಯದ ಎಣ್ಣೆ ಪಿಸ್ಟನ್ ದಾಟಿ ಕೆಳಗಿಳಿದು ಎಂಜಿನ್ ಆಯಿಲನ್ನು ಗಟ್ಟಿ ಮಾಡುವುದರಿಂದ, ಆಯಿಲ್ ಬದಲಿಸುವ ಗಂಟೆಗಳನ್ನು ಅರ್ಧಕ್ಕೆ ಇಳಿಸಿ. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರುತ್ತಿದ್ದರೆ ಅಷ್ಟಕ್ಕೂ ಕಾಯದೆ ಆ ದಿನವೇ ಬದಲಿಸಿ, ಇಂಜೆಕ್ಟರನ್ನು ಬಿಚ್ಚಿಸಿ ನೋಡಿ.