ಶಿಕಾಗೋಗೆ ಹೊರಟ ನಮ್ಮೂರವರಿಗೆ: ಹಿಮಗಾಲದ ಕಾಡಿನಲ್ಲಿ ಅಡ್ಡಾಡುವ ಬಗೆ

ರಜೆಯ ಮೇಲೆ ಉಡುಪಿಗೆ ಬಂದಿರುವ ನನ್ನನ್ನು, ಜನವರಿಯಲ್ಲಿ ಶಿಕಾಗೋಗೆ ಹೊರಡಲಿರುವ ಇಲ್ಲಿನ ಮತ್ತು ಮಂಗಳೂರಿನ ಕುಟುಂಬಗಳು ಮೊದಲು ಕೇಳುವುದು, ಆ ಚಳಿಯಲ್ಲಿ ಹೊರಗೆ ಕಾಲಿಡಲು ಸಾಧ್ಯವೇ ಎಂದು. ಖಂಡಿತ ಸಾಧ್ಯ. ಶಿಕಾಗೋ ಬಳಿಯ ಲೆಮಾಂಟ್ ಎಂಬ ಊರಿನ ಹಿಂದೂ ದೇವಸ್ಥಾನಕ್ಕೆ ನೀವು ಹೇಗೂ ಹೋಗುತ್ತೀರಿ. ಅದೇ ಊರಿನಲ್ಲಿ ಕುಕ್ ಕೌಂಟಿಯ (ಅಂದರೆ ಶಿಕಾಗೋ ಇರುವ ಜಿಲ್ಲೆಯ) ಫಾರೆಸ್ಟ್ ಪ್ರಿಸರ್ವ್ ಎಂಬ ರಕ್ಷಿತ ಕಾಡುಗಳಿಗೆ ಸೇರಿದ ಸಾಗವಾವ್ ಎಂಬ ಕಾಡು ಇದ್ದು, ಸಾಕಷ್ಟು ಹಿಮ ಬಿದ್ದ ದಿನಗಳಲ್ಲಿ ಅಲ್ಲಿ ಸ್ಕೀಯಿಂಗ್ ಮಾಡಬಹುದು.

ಕರಾವಳಿಯವರಾದ ನಮಗೆ ಒದ್ದೆಯ ಕಾಟ ಹೊಸದಲ್ಲ. ಆಟಿಯಲ್ಲಿ ಮೂರು ದಿನ ಹಗ್ಗದ ಮೇಲಿದ್ದರೂ ಒಣಗದ ಹತ್ತಿಬಟ್ಟೆಯನ್ನು ನೆನಪಿಸಿಕೊಂಡರೆ, ನಡೆದು ಬೆವರಿದಾಗ ಅದೇ ಬಟ್ಟೆ ಮೈಗೆ ಅಂಟಿಕೊಂಡು ಶಾಖವನ್ನು ಹೀರಿಕೊಳ್ಳುವುದು ಏಕೆಂದು ತಿಳಿಯುತ್ತದೆ. ಆದುದರಿಂದ ಒಳಗೆ ಉಣ್ಣೆಯ ಅಥವಾ ಬೇಗ ಒಣಗುವ ನೂಲಿನ ಉಡುಪು, ಅದರ ಮೇಲೆ ಬೆಚ್ಚನೆಯದೊಂದು, ಹೊರಗೆ ಗಾಳಿ ತಡೆಯುವ ಜಾಕೆಟ್ ಇರಲಿ. ಬಿಸಿಯಾದರೆ ಒಂದೊಂದನ್ನೇ ಕಳಚಬಹುದು. ಉಷ್ಣಾಂಶ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇದ್ದು, ಗಾಳಿ ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಮೈಗೆ ಅದು ಮೈನಸ್ 28ರಂತೆ ತಾಗುತ್ತದೆ, ಮುಚ್ಚದ ಚರ್ಮ 30 ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ಕಿವಿ, ಮೂಗು, ಬೆರಳುಗಳು ಬಿಳಿಚಿಕೊಂಡು ಜೋಮು ಹಿಡಿದರೆ ಉಜ್ಜಬಾರದು. ಒಳಗೆ ಹೋಗಿ ಉಗುರುಬೆಚ್ಚಗಿನ ನೀರಿನಲ್ಲಿಡಬೇಕು.

ಕರಗಿ ಮತ್ತೆ ಹೆಪ್ಪುಗಟ್ಟಿದ ದಾರಿಯಲ್ಲಿ, ಪಾಚಿ ಹಿಡಿದ ಮುರಕಲ್ಲಿನ ಅಂಗಳದಲ್ಲಿ ನಡೆಯುವಂತೆ ಪಾದವನ್ನು ಸಪಾಟಾಗಿ ಊರಿ, ಸಣ್ಣ ಹೆಜ್ಜೆಯಿಡಿ. ಇದು ಗೊತ್ತಿದ್ದೂ ನಾನು ಮೊದಲ ಚಳಿಗಾಲದಲ್ಲಿ ಕಾರು ನಿಲ್ಲಿಸಿದ ಜಾಗದಲ್ಲೇ ಜಾರಿ ಬಿದ್ದೆ.

ಕೆರೆಗಳ ವಿಷಯದಲ್ಲಿ ಮಾತ್ರ ಸಲುಗೆ ಬೇಡ. ಮಂಜುಗಡ್ಡೆ ಹೊಸದಾಗಿ, ತಿಳಿಯಾಗಿದ್ದಾಗಲೂ ನಡೆಯಲು ಕನಿಷ್ಠ 4 ಇಂಚು ದಪ್ಪವಿರಬೇಕು ಎಂಬುದು ಅಲ್ಲಿನ ಸಾಮಾನ್ಯ ಲೆಕ್ಕ. ಬಿಳಿ ಮಂಜುಗಡ್ಡೆಗೆ ಸುಮಾರು ಅರ್ಧದಷ್ಟೇ ಬಲ. ಮೇಲೆ ಬಿದ್ದ ಹಿಮ ಕಂಬಳಿಯಂತೆ ಚಳಿಯನ್ನು ತಡೆಯುವುದರಿಂದ ಕೆಳಗಿನ ಗಡ್ಡೆ ನಿಧಾನವಾಗಿ ಬೆಳೆಯುತ್ತದೆ, ನೀರು ಹರಿದು ಸೇರುವಲ್ಲಿ ತೆಳ್ಳಗೇ ಉಳಿಯುತ್ತದೆ. ಮೊದಲೇ ಯಾರೋ ನಡೆದ ಹೆಜ್ಜೆಗುರುತು ಕಂಡಿತೆಂದು ಮಕ್ಕಳನ್ನು ಇಳಿಸಬೇಡಿ.

ಮಕ್ಕಳಿಗೆ ಬೇಕಾದದ್ದು ಇಳಿಜಾರು. ಅಡಿಕೆ ಹಾಳೆಯ ಮೇಲೆ ಕುಳಿತು ಎಳೆಸಿಕೊಂಡವರಿಗೆ ಹಿಮದ ಮೇಲೆ ಜಾರುವ ಬಂಡಿಯಾದ ಸ್ಲೆಡ್ ಕಲಿಸಬೇಕಾಗಿಲ್ಲ. ಆದರೆ ಅದಕ್ಕೆಂದೇ ಗೊತ್ತುಮಾಡಿದ ಗುಡ್ಡಗಳಲ್ಲಿ ಮಾತ್ರ ಜಾರಬೇಕು. ದೊಡ್ಡವರು ಬೇಕಿದ್ದರೆ ಅದೇ ಫಾರೆಸ್ಟ್ ಪ್ರಿಸರ್ವ್‌ಗೆ ಸೇರಿದ ಸ್ವಾಲೋ ಕ್ಲಿಫ್ ಎಂಬ ಗುಡ್ಡದ 125 ಸುಣ್ಣಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ಮೈ ಬಿಸಿಮಾಡಿಕೊಳ್ಳಬಹುದು.

ಡಿಸೆಂಬರಿನಲ್ಲಿ ಸಂಜೆ 4.20ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಕಾಡೂ ಆಗಲೇ ಮುಚ್ಚುತ್ತದೆ. ಊಟ ಮುಗಿಸಿ ಹೊರಡುವ ನಮ್ಮ ಪದ್ಧತಿ ಅಲ್ಲಿ ನಡೆಯದು. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುವುದರಿಂದ ಅದನ್ನು ಒಳಜೇಬಿನಲ್ಲಿಡಿ. ಎಲೆಯುದುರಿದ ಕೊಂಬೆಗಳಲ್ಲಿ, ವಲಸೆ ಹೋಗದೆ ಉಳಿಯುವ ಕೆಂಪು ಕಾರ್ಡಿನಲ್ ಹಕ್ಕಿ ಬೆಳಗಿನ ಹೊತ್ತು ದೂರದಿಂದಲೇ ಕಾಣುತ್ತದೆ. ಹೊರಡುವಾಗ ಇಲ್ಲಿಂದ ಕಷಾಯದ ಪುಡಿ ಒಯ್ಯಿರಿ. ಫ್ಲಾಸ್ಕ್ ಅಲ್ಲೇ ಸಿಗುತ್ತದೆ.