ಬ್ರೌಸರ್ ಬದಲಿಸಿ ಅನ್ನದೆ ಕಿರೀಟದ ಅಂಚು ಉಳಿಸಿದ್ದು

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಯಕ್ಷಗಾನ ಮೇಳಗಳ, ದೇವಸ್ಥಾನಗಳ ಸೈಟಿಗೆ ಬೇಡಿಕೆ ಹೆಚ್ಚುಕಡಿಮೆ ಒಂದೇ. ವೇಷದ ಫೋಟೋ ಹಿನ್ನೆಲೆಯಿಲ್ಲದೆ ಗಾಢ ಬಣ್ಣದ ಮೇಲೆ ನಿಲ್ಲಬೇಕು, ಗಲ್ಫಿನಲ್ಲಿರುವವರ ಹಳೇ ಫೋನಿನಲ್ಲೂ ಬೇಗ ತೆರೆಯಬೇಕು. "ಪಾರದರ್ಶಕತೆ ಉಳಿಸುವ ಪಿಎನ್‌ಜಿ ಹಾಕಿ, ಇಲ್ಲವಾದರೆ ಅದಕ್ಕಿಂತ ಹಗುರವಾದ ಹೊಸ ಬಗೆಯ ವೆಬ್‌ಪಿ ಹಾಕಿ, ಕಾಣದವರಿಗೆ ಕ್ರೋಮ್ ಹಾಕಿಕೊಳ್ಳಲು ಹೇಳಿ" ಅನ್ನುವುದು ಈ ಕಸುಬಿನಲ್ಲಿರುವ ಹೆಚ್ಚಿನವರ ಸಲಹೆ. ಎರಡರಿಂದಲೂ ಕೆಲಸ ಆಗಲಿಲ್ಲ.

ಗಲ್ಫಿನ ಐಫೋನಿನಲ್ಲಿ ಕ್ರೋಮ್ ಅಂದರೆ ಹೆಸರು ಮಾತ್ರ, ಒಳಗಿನ ಎಂಜಿನ್ ಸಫಾರಿಯ ವೆಬ್‌ಕಿಟ್ಟೇ. ಐಫೋನ್ 6 ಐಓಎಸ್ 12ರಲ್ಲೇ ನಿಂತಿತು, ಅದಕ್ಕೆ ವೆಬ್‌ಪಿ ತಿಳಿಯದು. ಐಫೋನ್ 7 ನಿಂತದ್ದು 15ರಲ್ಲಿ; ವೆಬ್‌ಪಿ ತೆರೆಯುತ್ತದೆ, ಅದಕ್ಕಿಂತ ಹೊಸ ಚಿತ್ರರೂಪವಾದ ಎವಿಐಎಫ್ ತೆರೆಯದು. ಪರೀಕ್ಷೆಗೆಂದು ಮೂರು ಸಾವಿರ ಚಿಲ್ಲರೆಗೆ ತಂದ ಸೆಕೆಂಡ್ ಹ್ಯಾಂಡ್ ಐಫೋನ್ 6 ಈ ಕೆಲಸದ ಅತ್ಯಂತ ಸಾರ್ಥಕ ಖರ್ಚು. ವಿಂಡೋಸ್ 7ರ ಕೊನೆಯ ಕ್ರೋಮ್ 109, ಅದು ಎರಡನ್ನೂ ತೆರೆಯುತ್ತದೆ. ಅಲ್ಲಿ ತಲೆಬಿಸಿ ಇಲ್ಲ.

1200 ಪಿಕ್ಸೆಲ್ ಎತ್ತರದ ಬಣ್ಣದ ವೇಷ (ರಾಕ್ಷಸ ಪಾತ್ರ) ಪೂರ್ತಿ ಬಣ್ಣದ ಪಿಎನ್‌ಜಿ-24ರಲ್ಲಿ ಸುಮಾರು ಒಂದೂವರೆ ಎಂಬಿ. ಪಿಎನ್‌ಜಿಕ್ವಾಂಟ್ ಎಂಬ ಸಾಧನದಲ್ಲಿ 256 ಬಣ್ಣಕ್ಕೆ ಇಳಿಸಿದರೆ ನಾನೂರು ಕೆಬಿ, ಆದರೆ ಮುಖವರ್ಣಿಕೆಯ ಕೆಂಪು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಒಂದಿಷ್ಟು ಮಾಹಿತಿ ಬಿಟ್ಟು ಕುಗ್ಗಿಸುವ ವೆಬ್‌ಪಿ ಲಾಸಿ ನೂರಿಪ್ಪತ್ತು ಕೆಬಿಯ ಆಸುಪಾಸು. ಅದು ಬಣ್ಣದ ಮಾಹಿತಿಯನ್ನು ಅರ್ಧ ಅಳತೆಯಲ್ಲಿ ಇಡುವುದರಿಂದ ಕೆಂಪಿನ ಅಂಚು ಪಕ್ಕಕ್ಕೆ ಸೋರುತ್ತದೆ. ವೆಬ್‌ಪಿ ತಯಾರಿಸುವ ಸಿವೆಬ್‌ಪಿ ಸಾಧನಕ್ಕೆ ಶಾರ್ಪ್ ವೈಯುವಿ ಆಯ್ಕೆ ಕೊಟ್ಟರೆ ಸಾಕಷ್ಟು ಸುಧಾರಣೆ ಉಂಟು. ಐಫೋನ್ 6ರ ಸಮಸ್ಯೆ ಆಗಲೂ ಹಾಗೇ.

ಕೊನೆಗೆ ಹಿಡಿದದ್ದು ಬಣ್ಣ ಒಂದು ಫೈಲು, ಪಾರದರ್ಶಕತೆ ಇನ್ನೊಂದು ಫೈಲು ಎಂಬ ದಾರಿ. ಪುಟದೊಳಗೇ ಬರೆದ ಎಸ್‌ವಿಜಿಯಲ್ಲಿ (ಚಿತ್ರವನ್ನು ಕೋಡಿನಲ್ಲೇ ಬರೆಯುವ ರೂಪ) ಒಂದು ಮಾಸ್ಕ್, ಅದರೊಳಗೆ ಕಪ್ಪು-ಬಿಳಿ ಚಿತ್ರ. ಆಮೇಲೆ ಎಸ್‌ವಿಜಿಯ ಇಮೇಜ್ ಟ್ಯಾಗಿನಲ್ಲಿ ಜೆಪೆಗ್, ಅದಕ್ಕೆ ಆ ಮಾಸ್ಕಿನ ಐಡಿ. ಬಿಳಿ ಇದ್ದಲ್ಲಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಇಲ್ಲ, ಬೂದು ಇದ್ದಲ್ಲಿ ಅರೆಬರೆ. ಜೆಪೆಗ್ ನೂರೈವತ್ತು, ಮಾಸ್ಕ್ ಇಪ್ಪತ್ತೈದು ಕೆಬಿ. ಚಿತ್ರದ ವಿಳಾಸ ಕೊಡಲು ಹಳೇ ಸಫಾರಿಗೆ ಬರೀ ಎಚ್‌ರೆಫ್ ಸಾಲದು, ಎಕ್ಸ್‌ಲಿಂಕ್ ಎಚ್‌ರೆಫ್ ಬೇಕು. ಎಸ್‌ವಿಜಿಯನ್ನು ಬೇರೆ ಫೈಲು ಮಾಡಿ ಎಚ್‌ಟಿಎಂಎಲ್ಲಿನ ಇಮ್ಗ್ ಟ್ಯಾಗಿನಿಂದ ಕರೆದರೆ ಒಳಗಿನ ಚಿತ್ರಗಳು ಲೋಡೇ ಆಗುವುದಿಲ್ಲ. ಚಿತ್ರವನ್ನು ಬೇಸ್64 (ಅಕ್ಷರಗಳ ಸಾಲು) ಮಾಡಿ ತುಂಬಿಸಬಹುದು, ತೂಕ ಮೂರನೇ ಒಂದು ಭಾಗ ಏರುತ್ತದೆ.

ಮಾಸ್ಕನ್ನು ಜೆಪೆಗ್ ಮಾಡಬೇಡಿ. ಕಪ್ಪು ಪೂರ್ತಿ ಸೊನ್ನೆಗೆ ಇಳಿಯದೆ ಕಿರೀಟದ ಸುತ್ತ ಧೂಳಿನಂಥ ಕಲೆ ನಿಲ್ಲುತ್ತದೆ. ಹದಿನಾರು ಮಟ್ಟದ ಬೂದು ಪಿಎನ್‌ಜಿ ಸಾಕು.

ನಿಜವಾದ ಕಷ್ಟ ಬಿಳಿ ಅಂಚಿನದ್ದು. ಬಿಳಿ ಪರದೆಯ ಮುಂದೆ ತೆಗೆದ ಫೋಟೋದಲ್ಲಿ ಚಿಟ್ಟಿಯ (ಮುಖದ ಮೇಲೆ ಇಡುವ ಅಕ್ಕಿಹಿಟ್ಟಿನ) ಮುಳ್ಳುಗಳು, ಕೇಸರಿತಟ್ಟಿ ಎಂಬ ದೊಡ್ಡ ಕಿರೀಟದ ಅಂಚು, ಕೂದಲು ಇವುಗಳ ಪಿಕ್ಸೆಲ್ಲಿನಲ್ಲಿ ಪರದೆಯ ಬಣ್ಣ ಬೆರೆತಿರುತ್ತದೆ. ಕತ್ತರಿಸಿ ಕಡುನೀಲಿಯ ಮೇಲಿಟ್ಟರೆ ಸುಣ್ಣದ ಗೆರೆ. ಮಾಸ್ಕನ್ನು ಒಳಗೆ ತಳ್ಳಿದರೆ ಚಿಟ್ಟಿಯೇ ಮೊಂಡಾಗುತ್ತದೆ. ಪರಿಹಾರ ಜೆಪೆಗ್ಗಿನಲ್ಲಿ ಉಂಟು: ಫೋಟೋ ತಿದ್ದುವ ಗಿಂಪಿನಲ್ಲಿ ವೇಷದ ಅಂಚಿನ ಬಣ್ಣವನ್ನೇ ಹೊರಗೆ ಇಪ್ಪತ್ತು ಮೂವತ್ತು ಪಿಕ್ಸೆಲ್ ಹರಡಿ, ಉಳಿದ ಜಾಗಕ್ಕೆ ಒಂದೇ ಚಪ್ಪಟೆ ಬಣ್ಣ ತುಂಬಿ. ಅಂಚಿನಲ್ಲಿ ಬೆರೆಯುವುದು ಕಿರೀಟದ ಹೊನ್ನೇ ಆಗುತ್ತದೆ, ಫೈಲೂ ಚಿಕ್ಕದಾಗುತ್ತದೆ. ಜೆಪೆಗ್ ಉಳಿಸುವಾಗ ಕ್ರೋಮಾ 4:4:4 ಇಡಿ, ಅಂದರೆ ಬಣ್ಣದ ಮಾಹಿತಿ ಪೂರ್ತಿ ಅಳತೆಯಲ್ಲಿ. ಹರಡುವ ಮೊದಲು ಮಾಡುವ ಇನ್ನೊಂದು ಸಣ್ಣ ಕೈಚಳಕ ಉಂಟು, ಅದು ನನ್ನಲ್ಲೇ ಇರಲಿ. ಚಿತ್ರ ಕದ್ದು ಉಳಿಸಿಕೊಳ್ಳುವವರಿಗೆ ಸಿಗುವುದೂ ಈ ಬಣ್ಣ ಹರಡಿದ ಜೆಪೆಗ್ಗೇ, ಅದೊಂದು ಲಾಭ.

ಇದನ್ನು ಮುಖಪುಟದ ಒಂದೆರಡು ಚಿತ್ರಕ್ಕೆ ಮಾತ್ರ ಮಾಡುತ್ತೇನೆ. ಉಳಿದವಕ್ಕೆ ಪಿಕ್ಚರ್ ಟ್ಯಾಗಿನಲ್ಲಿ ಎವಿಐಎಫ್, ವೆಬ್‌ಪಿ, ಕೊನೆಗೆ ಸಣ್ಣ ಪಿಎನ್‌ಜಿ, ಇದೇ ಕ್ರಮ. ಪ್ರತಿಯೊಂದಕ್ಕೂ ಟೈಪ್ (ಯಾವ ಬಗೆಯ ಫೈಲು ಎಂಬುದು) ಬರೆಯದೆ ಬಿಟ್ಟರೆ ಬ್ರೌಸರ್ ಮೊದಲನೆಯದನ್ನೇ ಹಿಡಿದು ತೆರೆಯಲಾರದೆ ನಿಲ್ಲುತ್ತದೆ, ಮುಂದಿನದಕ್ಕೆ ಹೋಗುವುದಿಲ್ಲ.

ಹಿನ್ನೆಲೆಯಿಲ್ಲದ ಧೀಂಗಿಣದ (ಗಿರ್ರನೆ ಸುತ್ತುವ ಕುಣಿತ) ವಿಡಿಯೋವನ್ನೂ ಮಾಡಿ ನೋಡಿದೆ. ಕ್ರೋಮಿಗೆ ವೆಬ್‌ಎಂ ಬಗೆಯ ವಿಡಿಯೋ, ಸಫಾರಿಗೆ ಬೇರೆಯೇ ಎಚ್‌ಇವಿಸಿ. ಅದನ್ನು ಸುಲಭವಾಗಿ ತಯಾರಿಸಬೇಕಾದರೆ ಮ್ಯಾಕ್ ಹುಡುಕಬೇಕು. ಹತ್ತು ಸಾವಿರದ ಸೈಟಿಗೆ ಅದು ಗಿಟ್ಟುವ ಬಾಬತ್ತಲ್ಲ.

ಇನ್ನು ಮೇಳದವರು ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸುವ ಲೋಗೊ ಜೆಪೆಗ್ಗಾಗಿ, ಪಾರದರ್ಶಕತೆ ಕಳೆದುಕೊಂಡು ಬರುತ್ತದೆ. "ಡಾಕ್ಯುಮೆಂಟ್ ಮಾಡಿ ಕಳಿಸಿ ಅಣ್ಣಾ" ಎಂದು ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ.